ಒಬ್ಬಳೇ ಹುಡುಗಿ, ಮೂರು ಹೆಸರು

ಅಕ್ಕ ಮಗ್ಗದ ಕುಣಿಯಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಮಂಚದ ಕೆಳಗಿನ ಟ್ರಂಕನ್ನು ಎಳೆದಳು. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಆ ಟ್ರಂಕಿಗೆ ದೇವರ ಜಗಲಿಯ ನಂತರದ ಮರ್ಯಾದೆ. ಮೇಲೆ ಮಡಿಕೆ ಮುರಿಯದ ಒಂದು ಪಟ್ಟೇದಂಚಿನ ಸೀರೆ, ಅದರಡಿ ಅವಳ ಮದುವೆಯ ಇಳಕಲ್ ಸೀರೆ, ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಕಾಗದಪತ್ರ. ಪಹಣಿ, ರೇಶನ್ ಕಾರ್ಡು, ಸಂಘದ ಪಾಸ್‌ಬುಕ್ಕು, ತೀರಿಕೊಂಡ ಭಾವನ ಮರಣಪತ್ರ, ಮಗಳ ಹತ್ತನೇ ತರಗತಿಯ ಅಂಕಪಟ್ಟಿ. ಚೀಲ ಬಿಚ್ಚಿದೊಡನೆ ನೂಲಿಗೆ ಹಾಕುವ ಗಂಜಿಯ ವಾಸನೆ ಕೋಣೆ ತುಂಬ ಹರಡಿತು.

“ಇದರಾಗ ಎಲ್ಲಾ ಅದಾವಪಾ, ನೀನಽ ನೋಡು” ಅಂದಳು.

2023ರ ಜನವರಿ ಅದು. ಅವಳ ಮಗಳು, ನನ್ನ ಸೋದರಸೊಸೆ, ಗೋಡೆಗೆ ಒರಗಿ ಮೊಬೈಲು ಹಿಡಿದು ನಿಂತಿದ್ದಳು. ಮೊಬೈಲಿನೊಳಗೆ ಅವಳ ಗಂಡ. ಇಲ್ಲಿ ಹತ್ತು ಗಂಟೆಯ ಬಿಸಿಲು, ಅಲ್ಲಿ ಇನ್ನೂ ನಸುಕಿನ ನಾಲ್ಕೂವರೆ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವನು ರಾತ್ರಿಪಾಳಿಯ ನಡುವಿನ ಬಿಡುವಿನಲ್ಲಿ ಮಾತಾಡುತ್ತಿದ್ದ. ನರಗುಂದದ ಮಗ್ಗುಲಿನ ಹಳ್ಳಿಯ ಹುಡುಗ. ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಇಂಗ್ಲಿಷ್ ಪರೀಕ್ಷೆ ಬರೆದು, ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ನಡೆಸುವ ಕಂಪ್ಯೂಟರ್ ಪರೀಕ್ಷೆಯನ್ನು ಇಲ್ಲಿಯೇ ಕೊಟ್ಟು ಹೋದವನು. ಅಲ್ಲಿ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯನ್ನೂ ದಾಟಿದ್ದ. ಮದುವೆಯಾಗಿ ಹನ್ನೆರಡನೆಯ ದಿನಕ್ಕೆ ವಿಮಾನ ಹತ್ತಿದವನು, ಎಂಟು ತಿಂಗಳಿಂದ ಹೆಂಡತಿಯನ್ನು ಅಂಗೈಯಗಲದ ಗಾಜಿನೊಳಗೇ ನೋಡುತ್ತಿದ್ದ. ಈಗ ಅವಳನ್ನು ಕರೆಸಿಕೊಳ್ಳಬೇಕು. ಅವಲಂಬಿತಳ ವೀಸಾ ಬೇಕು. ಹೊರಗೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಳಗೆ ನಾನು ನೆಲದ ಮೇಲೆ ಕಾಗದಗಳನ್ನು ಒಂದೊಂದಾಗಿ ಹರವಿದೆ.

ಹರವಿದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಒಬ್ಬಳಲ್ಲ, ಮೂವರು ಹುಡುಗಿಯರು.

ನಮ್ಮ ಸೀಮೆಯ ಒಂದು ಹೆಸರು ತೆಗೆದುಕೊಳ್ಳಿ, ನೀಲವ್ವ ಅಂತಿರಲಿ. ಹುಟ್ಟಿದಾಗ ಆಸ್ಪತ್ರೆಯ ಪುಸ್ತಕದಲ್ಲಿ ನೀಲವ್ವ. ಶಾಲೆಗೆ ಸೇರುವಾಗ ‘ವ್ವ’ ಹಳೆಯದಾಯಿತೆಂದು ಯಾರೋ ನೀಲಮ್ಮ ಎಂದು ಬರೆಸುತ್ತಾರೆ. ಆಧಾರ್ ಮಾಡಿಸುವ ದಿನ ಸರತಿಯಲ್ಲಿ ನಿಂತ ಹುಡುಗಿ ತಾನೇ ನೀಲಾ ಅನ್ನುತ್ತಾಳೆ. ಅದನ್ನು ಇಂಗ್ಲಿಷಿಗೆ ಇಳಿಸುವಾಗ ದೀರ್ಘಕ್ಕೆ ಒಬ್ಬರು ಎರಡು ‘ಇ’ ಹಾಕಿದರೆ ಮತ್ತೊಬ್ಬರು ಒಂದೇ ‘ಐ’ ಹಾಕುತ್ತಾರೆ. ಊರಿನಲ್ಲಿ ಇದರಿಂದ ಯಾರಿಗೂ ಏನೂ ಆಗುವುದಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಬಡಿಗೇರ ಎಂದು ಅಡ್ಡಹೆಸರು ಹೇಳಿದರೆ ಮನೆ ಸಿಕ್ಕಿತು, ಮನುಷ್ಯರು ಸಿಕ್ಕರು. ಆದರೆ ಸಾವಿರಾರು ಮೈಲಿ ಆಚೆ ಕುಳಿತು ಅರ್ಜಿ ತೆರೆಯುವ ಅಧಿಕಾರಿಗೆ ನಮ್ಮ ಓಣಿ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಅಕ್ಷರ ಮಾತ್ರ. ನನ್ನ ಸೊಸೆಯ ಪಾಸ್‌ಪೋರ್ಟು ಅಂಕಪಟ್ಟಿಯನ್ನು ನೋಡಿ ಮಾಡಿಸಿದ್ದು, ಮದುವೆಯ ನೋಂದಣಿ ಪತ್ರ ಆಧಾರ್ ನೋಡಿ ಬರೆಸಿದ್ದು, ಜನನಪತ್ರ ಇವೆರಡಕ್ಕೂ ಸೇರದ್ದು. ಮದುವೆ ಪತ್ರದಲ್ಲಿದ್ದ ಹೆಂಡತಿ ಬೇರೆ, ಪಾಸ್‌ಪೋರ್ಟಿನಲ್ಲಿದ್ದ ಹುಡುಗಿ ಬೇರೆ.

ಹುಟ್ಟಿದ ದಿನದ್ದು ಇನ್ನೊಂದು ಕತೆ. ಜನನಪತ್ರದಲ್ಲಿ ಶ್ರಾವಣದ ಒಂದು ದಿನ. ಅಂಕಪಟ್ಟಿಯಲ್ಲಿ ಜೂನ್ 1. ಈ ಜೂನ್ 1ರ ಬಗ್ಗೆ ನಾನು ಹೇಳಲೇಬೇಕು, ಯಾಕೆಂದರೆ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು ನಾನು. ಶಾಲೆ ಶುರುವಾಗುವ ಹೊತ್ತಿಗೆ ತಾಯಂದಿರು ಮಕ್ಕಳ ಕೈ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಯಾವಾಗ ಹುಟ್ಟಿತು ಎಂದರೆ, “ಕಡ್ಲಿ ಕೀಳು ಮುಂದ ಹುಟ್ಟೇತ್ರಿ”, “ಕಾಲಕಾಲೇಶ್ವರನ ತೇರಿನ ಮರುದಿನಾರಿ” ಅನ್ನುವರು. ಹುಡುಗನಿಗೆ ವಯಸ್ಸು ತುಂಬಿರಬೇಕು, ರಜಿಸ್ಟರಿನ ಕಲಮು ಖಾಲಿ ಇರಬಾರದು. ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಅರ್ಧಕ್ಕರ್ಧ ಮಕ್ಕಳ ಹುಟ್ಟಿದ ದಿನ ಒಂದೇ. ಆ ಅಕ್ಷರ ನನ್ನದು, ಆ ಶಾಯಿ ನನ್ನ ಪೆನ್ನಿನದು. ಸೊಸೆಯನ್ನು ಶಾಲೆಗೆ ಸೇರಿಸಿದ್ದು ನಾನಲ್ಲ. ಆದರೆ ಅವಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದಾಗ, ನಾನು ಬರೆದ ಎಷ್ಟು ಜೂನ್ ಒಂದುಗಳು ಯಾವ ಯಾವ ಮನೆಯ ಬಾಗಿಲಿಗೆ ಅಡ್ಡ ನಿಂತಿವೆಯೋ ಎಂದು ಎದೆಯಲ್ಲಿ ಚುಚ್ಚಿತು.

ಮರುದಿನ ರೋಣಕ್ಕೆ ಹೋದೆವು. ಗಜೇಂದ್ರಗಡದಿಂದ ರೋಣದ ಬಸ್ಸು ಜನವರಿಯಲ್ಲಿ ಹೋಗುವುದು ಎರಡೂ ಕಡೆ ಎರಿಭೂಮಿಯ ನಡುವೆ. ಬಿಳಿಜೋಳ ತೆನೆ ತೂಗುತ್ತ ನಿಂತಿತ್ತು. ಕಡಲೆಯ ಹೊಲದಲ್ಲಿ ನಸುಕಿನ ಇಬ್ಬನಿ ಇನ್ನೂ ಆರಿರಲಿಲ್ಲ. ಒಬ್ಬಾಕೆ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ ಹಾಸಿ ಎಳೆಯುತ್ತಿದ್ದಳು. ಹುಳಿ ಹಿಡಿಯುವುದು ಹಾಗೆ. ಹಿಂಡಿದರೆ ಬರುವ ಆ ಹುಳಿ ನಮ್ಮಲ್ಲಿ ಹೊಟ್ಟೆನೋವಿಗೆ ಔಷಧ. “ಅಲ್ಲೆ ಇದು ಸಿಗಂಗಿಲ್ಲಲ್ಲ, ಮಾಮಾ” ಎಂದಳು ಸೊಸೆ, ಕಿಟಕಿಯಿಂದ ಕಣ್ಣು ತೆಗೆಯದೆ. ಹೋಗುವುದು ಖಾತ್ರಿಯಾಗುವ ಮೊದಲೇ ಅವಳು ಊರಿನಿಂದ ಬೀಳ್ಕೊಳ್ಳತೊಡಗಿದ್ದಳು.

ರೋಣದ ಕೋರ್ಟಿನ ಅಂಗಳದಲ್ಲಿ ಬೇವಿನ ನೆರಳಿಗೆ ಟೈಪಿಂಗ್ ಮಾಡುವವರು, ನೋಟರಿ ವಕೀಲರು, ಝೆರಾಕ್ಸ್ ಯಂತ್ರದವರು ಸಾಲಾಗಿ ಕೂಡುತ್ತಾರೆ. ಕೆಲವರು ಜಮೀನಿನ ವಾಟ್ನಿಗೆ ಬಂದವರು, ಕೆಲವರು ಜಾಮೀನಿಗೆ. ನಾವು ಕೂತದ್ದು ಒಬ್ಬ ಹಿರಿಯರ ಮುಂದೆ. ಅವರು ಮೂರೂ ಕಾಗದವನ್ನು ಓದಿ, ಕನ್ನಡಕ ಹಣೆಗೆ ಏರಿಸಿ, “ಈ ಮೂರೂ ಹೆಸರಿನಾಕಿ ನೀನಽ ಹೌದಲ್ಲವಾ?” ಎಂದು ಕೇಳಿದರು. ಅವಳು ಹೌದು ಅಂದಳು. “ಹಂಗಾದ್ರ ಅದನ್ನಽ ಪ್ರಮಾಣ ಮಾಡಿ ಬರಿಯೂಣು.” ಬಾಂಡಿನ ಮೇಲೆ ಅಕ್ಷರ ಮೂಡತೊಡಗಿತು. ಮೇಲ್ಕಂಡ ಮೂರೂ ಹೆಸರುಗಳು ಒಬ್ಬಳೇ ವ್ಯಕ್ತಿಯವು, ಆ ವ್ಯಕ್ತಿ ನಾನೇ. ಸಹಿ ಹಾಕುವಾಗ ಅವಳ ಕೈ ತುಸು ನಡುಗಿತು. ಇಪ್ಪತ್ತಾರು ವರ್ಷದ ಹುಡುಗಿ, ತಾನು ತಾನೇ ಎಂದು ದೇವರ ಸಾಕ್ಷಿಯಾಗಿ ಬರೆದುಕೊಟ್ಟಳು.

ಪಾಸ್‌ಪೋರ್ಟಿನ ಕೆಲಸ ಅಷ್ಟು ಕಷ್ಟವಾಗಿರಲಿಲ್ಲ ಎನ್ನಬೇಕು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂಬ ಮೂರು ಕೌಂಟರು ದಾಟಿ ಮಧ್ಯಾಹ್ನದೊಳಗೆ ಹೊರಬಂದಿದ್ದೆವು. 2016ರ ಡಿಸೆಂಬರಿನಲ್ಲಿ ನಿಯಮ ಸಡಿಲಾದ ಮೇಲೆ ಪಾಸ್‌ಪೋರ್ಟಿಗೆ ಮದುವೆಯ ಪತ್ರ ಕಡ್ಡಾಯವಲ್ಲ. ಹೆಣ್ಣುಮಗಳು ತವರಿನ ಅಡ್ಡಹೆಸರನ್ನೇ ಇಟ್ಟುಕೊಳ್ಳಬಹುದು. ಪೊಲೀಸ್ ಪರಿಶೀಲನೆಗೆ ಬಂದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಎರಡು ಮನೆಯವರ ಸಾಕ್ಷಿ ಪಡೆದು ಹೋದರು. ತೊಡಕಿರುವುದು ಪಾಸ್‌ಪೋರ್ಟಿನಲ್ಲಲ್ಲ, ವೀಸಾದಲ್ಲಿ. ಪಾಸ್‌ಪೋರ್ಟು ನೀನು ಯಾರೆಂದು ಕೇಳುತ್ತದೆ. ವೀಸಾ ನೀನು ಯಾರವಳು ಎಂದು ಕೇಳುತ್ತದೆ.

ಅದಕ್ಕೆ ಉತ್ತರ ಹುಡುಕಿಕೊಂಡು ನರಗುಂದಕ್ಕೆ, ಅವಳ ಅತ್ತೆಯ ಮನೆಗೆ ಹೋದೆವು. ಮದುವೆಯ ಫೋಟೊ, ಲಗ್ನಪತ್ರಿಕೆ ಅಲ್ಲಿದ್ದವು. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಿ ಅಚ್ಚಾದ ಹಳದಿ ಪತ್ರಿಕೆ. ಅದರಲ್ಲಿ ಅವಳ ಹೆಸರಿನ ಹಿಂದೆ ‘ಚಿ.ಕುಂ.ಶೋ.’ ಇತ್ತು. ಅದನ್ನು ಇಂಗ್ಲಿಷಿಗೆ ತರುವುದು ಹೇಗೆಂದು ನಾನು ಬಹಳ ಹೊತ್ತು ಕೂತೆ. ಕನ್ನಡದ ಪ್ರತಿ ಕಾಗದಕ್ಕೂ ಅನುವಾದ ಬೇಕು. ಅನುವಾದಿಸಿದವರ ಹೆಸರು, ಸಹಿ, ತಾರೀಖು, ವಿಳಾಸ ಅದರ ಮೇಲಿರಬೇಕು.

ಆ ಮನೆಯ ಮಾಳಿಗೆ ಹತ್ತಿದರೆ ನರಗುಂದದ ಗುಡ್ಡ ಕಾಣುತ್ತದೆ. ಕಾಗದ ಹಿಡಿದು ಆ ಗುಡ್ಡವನ್ನು ನೋಡಿದಾಗ ಬಾಬಾಸಾಹೇಬ ನೆನಪಾಗದೆ ಇರಲಿಲ್ಲ. ಬಾಬಾಸಾಹೇಬನೆಂದರೆ ಇಲ್ಲಿಯ ಅರಸ ಭಾಸ್ಕರರಾವ್ ಭಾವೆ. ಮಕ್ಕಳಿಲ್ಲದ ಅವನು ದತ್ತು ತೆಗೆದುಕೊಳ್ಳಲು ಬ್ರಿಟಿಷರ ಒಪ್ಪಿಗೆ ಕೇಳಿದ್ದ. ಅವರು ಕೊಡಲಿಲ್ಲ. ನಿನ್ನ ಮನೆಯವರು ಯಾರೆಂದು ನಾವು ಹೇಳುತ್ತೇವೆ ಎಂಬ ಆ ಉತ್ತರ ಅವನನ್ನು ಕೆರಳಿಸಿದ ಕಾರಣಗಳಲ್ಲಿ ಒಂದು. 1858ರಲ್ಲಿ ಬಂಡೆದ್ದ, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದ. ಇಂದಿನ ವೀಸಾ ಅಧಿಕಾರಿಗೂ ಆ ಕಾಲದವರಿಗೂ ಸಂಬಂಧ ಹಚ್ಚುವುದು ಸರಿಯಲ್ಲ, ಪ್ರತಿ ದೇಶಕ್ಕೂ ತನ್ನ ಬಾಗಿಲು ಕಾಯುವ ಹಕ್ಕಿದೆ. ಆದರೂ ಯಾರು ಯಾರಿಗೆ ಆಪ್ತರೆಂಬುದನ್ನು ದೂರದ ಕಚೇರಿ ತೀರ್ಮಾನಿಸಿದಾಗ ಆಗುವ ಸಂಕಟ ಈ ಊರಿಗೆ ಹೊಸದಲ್ಲ.

ಗಂಡಹೆಂಡತಿಯ ಸಂಬಂಧ ನಿಜವಾದದ್ದು ಎಂದು ತೋರಿಸಬೇಕಿತ್ತು. ನಮ್ಮ ಮದುವೆಯ ಫೋಟೊಗಳಲ್ಲಿ ಇಬ್ಬರೂ ಕಡ್ಡಿಯಂತೆ ನಿಂತಿರುತ್ತಾರೆ, ಸುತ್ತ ಅರವತ್ತು ಜನ. ಇಬ್ಬರೇ ಇರುವ ಫೋಟೊ ಒಂದೋ ಎರಡೋ. ಹಾಗಾಗಿ ವಾಟ್ಸಾಪಿನ ಮಾತುಗಳನ್ನು ತಿಂಗಳಿಗೆ ಒಂದೆರಡು ಪುಟದಂತೆ ಮುದ್ರಿಸಿ ಕಳಿಸುವುದೆಂದು ಗಂಡ ಹೇಳಿದ. ಝೆರಾಕ್ಸ್ ಅಂಗಡಿಯಲ್ಲಿ ಹಾಳೆಗಳು ಒಂದೊಂದಾಗಿ ಹೊರಬರುವಾಗ ಸೊಸೆ ಅಡ್ಡ ನಿಂತಳು. “ಇದನ್ನೂ ಓದ್ತಾರೇನ ಮಾಮಾ ಅವರು?” ನಾನು ಮುಖ ತಿರುಗಿಸಿ ಬೀದಿಯ ಕಡೆ ನಿಂತೆ. ಆದರೆ ಅನುವಾದ ಮಾಡಬೇಕಾದವನೂ ನಾನೇ. ಆ ರಾತ್ರಿ ದೀಪದ ಕೆಳಗೆ ಕೂತು ಓದಿದೆ. ಗುಟ್ಟಿನ ಮಾತು ಒಂದೂ ಇರಲಿಲ್ಲ. ಬೆಳಿಗ್ಗೆ ‘ಎದ್ದಿ?’ ಮಧ್ಯಾಹ್ನ ‘ಊಟ ಆತಾ?’ ರಾತ್ರಿ ‘ಮಕ್ಕೊ ಇನ್ನ.’ ಎಂಟು ತಿಂಗಳು, ಒಂದು ದಿನವೂ ತಪ್ಪಿಲ್ಲ. ನಡುವೆ ಒಮ್ಮೆ ಅವನು ‘ಇಲ್ಲೆ ಹಿಮ ಬಿದ್ದದ’ ಎಂದು ಬರೆದರೆ ಅವಳು ‘ಕಾಲಿಗೆ ಎಣ್ಣಿ ಹಚ್ಕೊ’ ಎಂದಿದ್ದಾಳೆ. ಊಟ ಆಯಿತೇ ಎಂಬ ಮಾತನ್ನು ನಾನು ಇಂಗ್ಲಿಷಿಗೆ ಇಳಿಸಿದೆ. ನಮ್ಮಲ್ಲಿ ಪ್ರೀತಿಯನ್ನು ಹೇಳುವುದೇ ಹೀಗೆ ಎಂದು ಅಡಿಟಿಪ್ಪಣಿ ಬರೆಯಲು ಕಲಮಿರಲಿಲ್ಲ.

ಬೆಂಗಳೂರಿಗೆ ಎರಡು ಸಲ ಹೋಗಬೇಕಾಯಿತು. ಗದಗಿನಿಂದ ರಾತ್ರಿ ರೈಲು. ಮೊದಲ ಸಲ ಕ್ಷಯ ತಪಾಸಣೆಗೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿಗೆ ಹೋಗುವ ಭಾರತೀಯರು ಅವರು ಒಪ್ಪಿದ ಕ್ಲಿನಿಕ್ಕಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿ ಪ್ರಮಾಣಪತ್ರ ತರಬೇಕು, ಅದು ಆರು ತಿಂಗಳು ನಡೆಯುತ್ತದೆ. ಎರಡನೆಯ ಸಲ ಬೆರಳಚ್ಚು ಮತ್ತು ಫೋಟೊಕ್ಕೆ. ಕಡತವನ್ನು ಕೊಟ್ಟು ಬಂದ ಮೇಲೆ ಮೂರು ವಾರ ಕಾಯಬೇಕೆಂದಿದ್ದರು. ಆ ಮೂರು ವಾರ ಅಕ್ಕ ಮಗ್ಗಕ್ಕೆ ಇಳಿದರೂ ಲಾಳಿ ಓಡುತ್ತಿರಲಿಲ್ಲ. ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿ ಹರಕೆ ಹೊತ್ತು ಬಂದಳು. ಪಾಸ್‌ಪೋರ್ಟು ವಾಪಸ್ಸಾದಾಗ ಒಳಗೆ 90 ದಿನದ ಚೀಟಿ ಅಂಟಿತ್ತು. ಆ ಅವಧಿಯೊಳಗೆ ಹೋಗಿ, ಇಳಿದ ಹತ್ತು ದಿನದಲ್ಲಿ ಅಲ್ಲಿಯ ಅಂಚೆ ಕಚೇರಿಯಿಂದ ವಾಸದ ಕಾರ್ಡು ತೆಗೆದುಕೊಳ್ಳಬೇಕು. ಆಗ ಹಾಗಿತ್ತು. 2024ರ ಅಕ್ಟೋಬರ್ ಕೊನೆಗೆ ಆ ಕಾರ್ಡು ಕೊಡುವುದು ನಿಂತು ಎಲ್ಲ ಇ-ವೀಸಾ ಆಗಿದೆ.

ಹೀಗೆ ಕಾಗದದ ಎರಡು ತುದಿಗೆ ಕೂತ ಗಂಡಹೆಂಡತಿಯರು ಜಗತ್ತಿನ ತುಂಬ ಇದ್ದಾರೆ. ಥಾಯ್ಲೆಂಡಿನ ಹೆಣ್ಣುಮಗಳನ್ನು ಮದುವೆಯಾಗುವ ಬ್ರಿಟಿಷ್ ಗಂಡಸು ಬ್ಯಾಂಕಾಕಿನ ತನ್ನ ರಾಯಭಾರ ಕಚೇರಿಯಿಂದ ತನಗೆ ಮದುವೆಗೆ ಅಡ್ಡಿಯಿಲ್ಲವೆಂಬ ಪತ್ರ ತಂದು, ಥಾಯ್ ಭಾಷೆಗೆ ಅನುವಾದಿಸಿ, ಆಂಫೋ ಎಂಬ ಜಿಲ್ಲಾ ಕಚೇರಿಯಲ್ಲಿ ನೋಂದಾಯಿಸಬೇಕು. ಆಮೇಲೆ ಅವಳನ್ನು ಕರೆದೊಯ್ಯಲು ಅದೇ ಕ್ಷಯ ತಪಾಸಣೆ, ಅದೇ ಸಂಬಂಧದ ಪುರಾವೆ, ಮೇಲೊಂದು ಆದಾಯದ ಗೆರೆ. 2012ರಿಂದ ಆ ಗೆರೆ ವರ್ಷಕ್ಕೆ 18,600 ಪೌಂಡ್ ಇತ್ತು, 2024ರ ಏಪ್ರಿಲ್ 11ರಂದು 29,000 ಆಯಿತು. ಅದಕ್ಕೂ ಒಂದು ತಿಂಗಳ ಮೊದಲು, ಮಾರ್ಚ್ 11ರಿಂದ, ಆರೈಕೆ ಕೆಲಸಗಾರರಾಗಿ ಹೋಗುವವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ ಎಂಬ ನಿಯಮ ಬಂತು. ನರ್ಸುಗಳಿಗೆ ಅದು ತಾಗಲಿಲ್ಲ. ಮುದುಕರ ಸೇವೆ ಮಾಡಲು ಮನುಷ್ಯರು ಬೇಕು, ಅವರ ಮನೆಯವರು ಬೇಡ ಎನ್ನುವ ಆ ನಿಯಮ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ನಮ್ಮ ದೇಶದ ಬಾಗಿಲೂ ಅಗಳಿಯಿಲ್ಲದ್ದೇನಲ್ಲ. ನಮ್ಮ ಹುಡುಗನೊಬ್ಬ ಹೊರದೇಶದವಳನ್ನು ಕಟ್ಟಿಕೊಂಡು ರೋಣಕ್ಕೆ ಬಂದರೆ, ಅವಳು ಮನೆಯಲ್ಲಿ ಉಳಿದ 24 ತಾಸಿನೊಳಗೆ ಫಾರ್ಮು ತುಂಬಿ ತಿಳಿಸಬೇಕು. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಬೇಕೆಂದರೆ ಮದುವೆ ನೋಂದಣಿಯಾಗಿ, ಎರಡು ವರ್ಷ ಬಿಡದೆ ಬಾಳಿರಬೇಕು.

ಗಂಡನ ಬಳಿಗೆ ಹೋದ ಸೊಸೆ 2024ರಲ್ಲಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದು ನಮ್ಮ ರೂಢಿ. ಆದರೆ ಕೂಸು ಇಲ್ಲಿ ಹುಟ್ಟಿದರೆ ಅದಕ್ಕೊಂದು ಪಾಸ್‌ಪೋರ್ಟು, ಅದಕ್ಕೊಂದು ವೀಸಾ, ಅಲ್ಲಿಯವರೆಗೆ ತಂದೆಗೆ ಮಗುವಿನ ಮುಖವಿಲ್ಲ. ಹಾಗಾಗಿ ತವರೇ ಅಲ್ಲಿಗೆ ಹೋಗುವುದೆಂದಾಯಿತು. ಬಾಣಂತನಕ್ಕೆ ಅಕ್ಕ ಹೊರಟಳು.

ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಜನನಪತ್ರವಿಲ್ಲ, ಆಧಾರಿನಲ್ಲಿದ್ದ ಜನವರಿ 1ನ್ನೇ ಪಾಸ್‌ಪೋರ್ಟಿನವರು ಒಪ್ಪಿಕೊಂಡರು. ಅದರ ಮೇಲೆ ವಲಸೆ ತಪಾಸಣೆ ಅಗತ್ಯ ಎಂಬ ಇಸಿಆರ್ ಗುರುತು ಬಿತ್ತು. 1983ರ ವಲಸೆ ಕಾಯಿದೆಯಡಿ ಸೌದಿ, ಕುವೈತ್, ಮಲೇಶಿಯಾ, ಥಾಯ್ಲೆಂಡ್ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗುವಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಅಲ್ಲಿ ಓದುಬರಹ ಬಾರದವರು ಮೋಸಹೋಗದಿರಲೆಂದು ಮಾಡಿದ ಕಟ್ಟು. ಇಂಗ್ಲೆಂಡಿಗೆ ಮಗಳನ್ನು ನೋಡಲು ಹೋಗುವ ತಾಯಿಗೆ ಅದರ ಹಂಗಿಲ್ಲ. ಆದರೆ ಆ ಅಕ್ಷರ ನೋಡಿ ಓಣಿಯವರು, “ನಿನ್ನ ಪಾಸ್‌ಪೋರ್ಟಿನ್ಯಾಗ ಏನೋ ಕೊರತಿ ಅದಂತ” ಎಂದು ಅವಳನ್ನು ಹೆದರಿಸಿಬಿಟ್ಟಿದ್ದರು.

ಸಂದರ್ಶಕರ ವೀಸಾಕ್ಕೆ ಶುಲ್ಕ ಆಗ 115 ಪೌಂಡ್, ಗರಿಷ್ಠ ಆರು ತಿಂಗಳು. ಅದರ ಮುಖ್ಯ ಪ್ರಶ್ನೆ ಒಂದೇ. ವಾಪಸ್ಸು ಬರುತ್ತೀ ಎನ್ನುವುದಕ್ಕೆ ಏನು ಆಧಾರ? ಎರಡು ಎಕರೆಯ ಪಹಣಿಯನ್ನು ಅನುವಾದಿಸಿದೆ. ಖುಷ್ಕಿ, ಕಂದಾಯ, ಸ್ವಾಧೀನದಾರರ ಹೆಸರು ಎಲ್ಲ ಕಲಮು ತುಂಬಿದೆ. ಮಗ್ಗದ ಫೋಟೊ ಇಟ್ಟೆ. “ಮತ್ತೇನ್ ಬರೀಲಿ?” ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಸು ಅರ್ಧಕ್ಕ ಬಿಟ್ಟು ಹೊಂಟೀನಿ, ಮುಗಿಸಾಕ ಬರಬೇಕಲ್ಲಪಾ ಅಂತ ಬರಿ” ಅಂದಳು. ಬರೆದೆ.

ಬೆಂಗಳೂರಿನ ಕೌಂಟರಿನಲ್ಲಿ ಅವಳ ಬೆರಳು ಮೂಡಲಿಲ್ಲ. ನಲವತ್ತು ವರ್ಷ ನೂಲೆಳೆ ಜಾರಿದ ಬೆರಳು. ಹೆಬ್ಬೆರಳ ಗೆರೆಗಳು ಹೊಳೆಯ ಕಲ್ಲಿನಂತೆ ನಯವಾಗಿಬಿಟ್ಟಿವೆ. ನ್ಯಾಯಬೆಲೆ ಅಂಗಡಿಯಲ್ಲೂ ತಿಂಗಳಿಗೊಮ್ಮೆ ಇದೇ ಪಾಡು. ಗಾಜಿನ ಮೇಲೆ ಒತ್ತಿದಳು, ಕೆಂಪು ದೀಪ. ಇನ್ನೊಮ್ಮೆ, ಕೆಂಪು. ಮೂರನೆಯ ಸಲವೂ ಆಗದಿದ್ದಾಗ ಅವಳು ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು. ಅಲ್ಲಿದ್ದ ಹುಡುಗಿ ಕುರ್ಚಿಯಿಂದ ಎದ್ದು ಬಂದಳು. ಒದ್ದೆ ಕಾಗದದಿಂದ ಒಂದೊಂದು ಬೆರಳನ್ನೂ ಒರೆಸಿ, ತನ್ನ ಕೈಯಿಂದ ಅವಳ ಕೈಯನ್ನು ಗಾಜಿಗೆ ಮೆಲ್ಲಗೆ ಒತ್ತಿ ಹಿಡಿದಳು. ಹಸಿರು ದೀಪ ಹತ್ತಿತು. “ಅಮ್ಮ, ಆಯ್ತು” ಎಂದಳು. ಆ ಹುಡುಗಿಯ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಅಕ್ಕ ಇಂದಿಗೂ ಹಳಹಳಿಸುತ್ತಾಳೆ.

ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ ಕಟ್ಟಿಕೊಂಡು ಹೋದಳು. ಮೊಮ್ಮಗಳು ಹುಟ್ಟಿದಳು. ಇಂಗ್ಲೆಂಡಿನಲ್ಲಿ ಹುಟ್ಟನ್ನು 42 ದಿನದೊಳಗೆ ನೋಂದಾಯಿಸಬೇಕು. ಭಾರತದ ನಾಗರಿಕಳಾಗಿ ಉಳಿಯಲು ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲೂ ಬರೆಸಬೇಕು. ಹೆಸರು ಬರೆಸುವ ಹಿಂದಿನ ರಾತ್ರಿ ಸೊಸೆ ನನಗೆ ಫೋನು ಮಾಡಿದಳು. “ಮಾಮಾ, ದೀರ್ಘಕ್ಕ ಎರಡು ‘ಇ’ ಹಾಕೂಣೋ ಒಂದು ‘ಐ’ ಹಾಕೂಣೋ? ಒಮ್ಮೆ ಹಾಕಿದ್ದು ಕಡೀತನಕ ಅದಽ ಇರಬೇಕು.” ಒಂದು ತಾಸು ಮಾತಾಡಿ ನಿರ್ಧರಿಸಿದೆವು.

ಅಕ್ಕ ಐದು ತಿಂಗಳಿಗೆ ಮರಳಿದಳು. ಮರುದಿನ ಕುಣಿಗೆ ಇಳಿದು ಅರ್ಧಕ್ಕೆ ಬಿಟ್ಟಿದ್ದ ಹಾಸನ್ನು ಮುಗಿಸಿದಳು.

ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಚಪ್ಪರ ಏಳುತ್ತವೆ. ಹುಡುಗ ಹುಡುಗಿಯ ಅಂಕಪಟ್ಟಿ, ಆಧಾರ್, ಜನನಪತ್ರ ಮೂರನ್ನೂ ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಒಂದು ಸಲ ಪಕ್ಕಪಕ್ಕ ಇಟ್ಟು ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ. ಮದುವೆಯಾದ ವಾರದೊಳಗೆ, ಇಬ್ಬರೂ ಊರಿನಲ್ಲಿರುವಾಗಲೇ ನೋಂದಣಿ ಮಾಡಿಸಿ. ಶಾಲೆಯಲ್ಲಿ ಕೂತು ಇವತ್ತು ದಾಖಲಾತಿ ಬರೆಯುತ್ತಿರುವ ನನ್ನ ಕಿರಿಯ ಮಾಸ್ತರರೇ, ತಾಯಿ ಹೇಳುವ ದಿನದ ನಿಜವಾದ ತಾರೀಖನ್ನು ಹುಡುಕಿ ಬರೆಯಿರಿ, ದಯವಿಟ್ಟು ಜೂನ್ 1 ಎಂದು ಬರೆದುಬಿಡಬೇಡಿ.